ಸಾಹುಕಾರ, ರೇಟು ಆಮೇಲೆ ಹೇಳು

ಪ್ರೀತಿಯ ಸಾಹುಕಾರ,

ನಿನ್ನ ಮೆಸೇಜು ಬಂತು. ನಿನ್ನ ತೋಟದ ಏಲಕ್ಕಿಯ ಫೋಟೋ, ಅದರ ಕೆಳಗೆ ಕಿಲೋಗೆ ಇಷ್ಟು ಡಾಲರ್ ಅಂತ ರೇಟು, ಅದರ ಕೆಳಗೆ "ನಿನ್ನ ಪಾರ್ಟಿಗಳಿಗೆಲ್ಲ ಫಾರ್ವರ್ಡ್ ಮಾಡು". ಮಾಡಿಲ್ಲ. ಸಿಟ್ಟಾಗಬೇಡ. ಯಾಕೆ ಮಾಡಿಲ್ಲ ಅನ್ನುವುದನ್ನು ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಮಡಿಕೇರಿಯಿಂದ, ಬ್ಯಾಡಗಿಯಿಂದ, ಶಿರಸಿಯಿಂದ ಇದೇ ಮಾತು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ, ಅವರಿಗೂ ತಲುಪಲಿ. ಆದರೆ ಮಾತು ನಿನ್ನ ಜೊತೆಗೇ. ಕೊಟ್ಟಿಗೆಹಾರದ ಆ ಎರಡನೇ ಪ್ಲೇಟಿನ ವಿಚಾರ ಬಲ್ಲವನು ನೀನೊಬ್ಬನೇ ಅಲ್ವಾ.

ಮೊದಲು ಮಾಲು. ನಮ್ಮಲ್ಲಿ ಏಲಕ್ಕಿ ಅಂದರೆ ಪಾಯಸಕ್ಕೆ ಬೀಳುವ ನಾಲ್ಕು ಕಾಳು, ಹಾವೇರಿಯ ಹಾರ. ಇಲ್ಲಿ ದುಬೈನಲ್ಲಿ ಹಾಗಲ್ಲ. ಗಹ್ವಾ ಅಂದರೆ ಇವರ ಕಾಫಿ, ಅದಕ್ಕೆ ಏಲಕ್ಕಿ ಹಿಡಿಗಟ್ಟಲೆ ಬೀಳುತ್ತದೆ. ಮನೆಗೆ ಬಂದವರಿಗೆ ಗಹ್ವಾ, ಮದುವೆಗೆ ಗಹ್ವಾ, ಸಾವಿಗೂ ಗಹ್ವಾ. ಅದನ್ನು ಆತಿಥ್ಯದ ಗುರುತು ಅಂತ ಯುನೆಸ್ಕೋ 2015ರಲ್ಲಿ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಇಷ್ಟು ದೊಡ್ಡ ಗಿರಾಕಿ ಒಂದು ಕಾಲಕ್ಕೆ ನಮ್ಮವನೇ ಆಗಿದ್ದ. ಆಮೇಲೆ ಗ್ವಾಟೆಮಾಲಾ ಮುಂದೆ ಹೋಯಿತು. ಅಲ್ಲಿನವರು ತಾವು ಏಲಕ್ಕಿ ತಿನ್ನುವುದೇ ಕಡಿಮೆ, ಬೆಳೆದದ್ದನ್ನು ಹೆಚ್ಚುಕಡಿಮೆ ಎಲ್ಲ ಹೊರಗೆ ಕಳಿಸುತ್ತಾರೆ, ಬಹುಕಾಲ ಅಗ್ಗಕ್ಕೆ ಕೊಟ್ಟರು. ಪರಿಮಳದಲ್ಲಿ ನಮ್ಮದನ್ನು ಮೀರಿಸಿದ್ದಿಲ್ಲ ಅಂತ ಇಲ್ಲಿನ ಹಳಬರು ಇವತ್ತಿಗೂ ಹೇಳುತ್ತಾರೆ. ಆದರೆ 2018ರಲ್ಲಿ ಸೌದಿ ಅರೇಬಿಯಾ ಕೀಟನಾಶಕದ ಅಂಶ ಜಾಸ್ತಿ ಅಂತ ಭಾರತದ ಏಲಕ್ಕಿಯನ್ನು ತಡೆಯಿತು. ಅದನ್ನು ಇಲ್ಲಿ ಯಾರೂ ಮರೆತಿಲ್ಲ. ಆದ್ದರಿಂದ ನಿನ್ನ ಫೋಟೋ ಯಾರಿಗೂ ಬೇಡ, ಲ್ಯಾಬ್ ರಿಪೋರ್ಟ್ ಬೇಕು. ತೋಟದಲ್ಲಿ ಥ್ರಿಪ್ಸ್ ಹುಳಕ್ಕೆ ಏನು ಹೊಡೆದೆ, ಕೊಯ್ಲಿಗೆ ಎಷ್ಟು ದಿನ ಮುಂಚೆ ಹೊಡೆದೆ, ಎಲ್ಲ ಬರೆದಿಡು. ಸ್ಪೈಸಸ್ ಬೋರ್ಡಿನ ರಫ್ತುದಾರರ ನೋಂದಣಿ ಮಾಡಿಸಿಕೋ. ಇಷ್ಟಾಗದೆ ಮುಂದಿನ ಮಾತೇ ಬೇಡ.

ಇನ್ನು ಮನುಷ್ಯರ ವಿಷಯ. ನೀನು "ಅರಬರು" ಅಂತ ಒಂದೇ ಏಟಿಗೆ ಬರೆದಿದ್ದೀಯಲ್ಲ, ದೇರಾದ ಅಲ್ ರಾಸ್ ಗಲ್ಲಿಗಳಲ್ಲಿ ಒಂದು ಸುತ್ತು ಬಂದರೆ ನಿನಗೇ ಗೊತ್ತಾಗುತ್ತದೆ. ಅಂಗಡಿಯ ಮಾಲೀಕರು ಎಮಿರಾತಿ, ಅಂದರೆ ಈ ದೇಶದವರೇ, ಇರಬಹುದು, ಇರಾನಿನ ಕಡೆಯಿಂದ ಅಜ್ಜನ ಕಾಲಕ್ಕೆ ಬಂದವರಿರಬಹುದು. ಲೆಕ್ಕ ಬರೆಯುವವನು ಮಲಪ್ಪುರಂನವನು. ಮೂಟೆ ಹೊರುವವನು ಪೇಶಾವರದವನು. ಪಕ್ಕದ ಬಟ್ಟೆ ಅಂಗಡಿ ಭಟ್ಕಳದವರದ್ದು. ಖರೀದಿಗೆ ಬಂದು ಕೂತಿರುವವನು ಯೆಮೆನಿಯೋ ಸೊಮಾಲಿಯೋ ಆಗಿರುತ್ತಾನೆ. ಅವನಿಗಾಗಿ ಖೋರಿನ, ಅಂದರೆ ಊರೊಳಗೆ ಬಂದ ಕಡಲ ಹಿನ್ನೀರಿನ, ದಡದಲ್ಲಿ ಮರದ ಹಡಗು ಕಾಯುತ್ತಿರುತ್ತದೆ. ಇಲ್ಲಿ ಇಳಿದ ಮಾಲು ಅರ್ಧಕ್ಕರ್ಧ ಇಲ್ಲಿ ಉಳಿಯುವುದೇ ಇಲ್ಲ, ಮುಂದೆ ಹೋಗುತ್ತದೆ. ರಿಯಾದಿನ ವ್ಯಾಪಾರಿಯ ರೀತಿ ಬೇರೆ, ಮಸ್ಕತ್ತಿನವನ ರೀತಿ ಬೇರೆ. ವಾರದ ರಜೆ ಕೂಡ ಒಂದೇ ಅಲ್ಲ. ಸೌದಿಯಲ್ಲಿ ಶುಕ್ರ, ಶನಿ. ಇಲ್ಲಿ 2022ರಿಂದ ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ ಕೆಲಸ, ಶನಿ, ಭಾನು ರಜೆ. ಶುಕ್ರವಾರ ಮಧ್ಯಾಹ್ನ ಯಾರಿಗೂ ಫೋನ್ ಮಾಡಬೇಡ, ಅಷ್ಟು ಸಾಕು.

ಈಗ ರೇಟಿಗೆ ಬರುತ್ತೇನೆ. ಮೊದಲ ದಿನ ರೇಟು ಹೇಳಿದವನನ್ನು ಇವರು ದಾರಿಹೋಕನ ಲೆಕ್ಕಕ್ಕೆ ಸೇರಿಸುತ್ತಾರೆ. ಅದರಲ್ಲಿ ತಪ್ಪೂ ಇಲ್ಲ. ಏಲಕ್ಕಿ ಬೆಲೆ ತಿಂಗಳಲ್ಲಿ ಏರಿ ಇಳಿಯುತ್ತದೆ. ಬೆಲೆ ಏರಿದಾಗ ಒಪ್ಪಿಕೊಂಡ ರೇಟಿಗೆ ಮಾಲು ಕಳಿಸುತ್ತಾನಾ, ಇಳಿದಾಗ ಫೋನ್ ಎತ್ತುತ್ತಾನಾ, ಇದೇ ಇವರು ತಿಳಿಯಬೇಕಾದ್ದು. ಅದು ರೇಟಿನ ಚೀಟಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ, ಊರಲ್ಲಿ ಮಳೆ ಹೇಗಿದೆ ಕೇಳುತ್ತಾರೆ, ತಂದೆ ಇದ್ದಾರಾ ಕೇಳುತ್ತಾರೆ. ನಮ್ಮವರು ಕೆಲವರು ಇದನ್ನು ಟೈಂ ವೇಸ್ಟ್ ಅಂದುಕೊಂಡು ಗಡಿಯಾರ ನೋಡುತ್ತಾರೆ. ಆ ಹೊತ್ತಲ್ಲೇ ವ್ಯಾಪಾರ ನಡೆಯುತ್ತಿರುತ್ತದೆ, ಅವರಿಗೆ ಕಾಣುತ್ತಿಲ್ಲ ಅಷ್ಟೇ. ನೀನೂ ವಿಚಾರಿಸು, ಮಕ್ಕಳು ಹೇಗಿದ್ದಾರೆ, ಮನೆಯವರೆಲ್ಲ ಕ್ಷೇಮವಾ ಅಂತ. ಹೆಂಡತಿಯ ಬಗ್ಗೆ ಬಿಡಿಸಿ ಕೇಳಬೇಡ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಮೊದಲು ಸಲಾಂ. ಬೇಡ ಅಂತ ಇವರು ಮುಖಕ್ಕೆ ಹೇಳುವುದು ಅಪರೂಪ. ಮಾತು ಬೇರೆ ಕಡೆ ತಿರುಗಿತು ಅಂದರೆ ಅಲ್ಲಿಗೆ ನಿಲ್ಲಿಸು, ಜಗ್ಗಬೇಡ, ಇನ್ನೊಂದು ದಿನ ಹೋಗು.

ಅಲ್ ರಾಸ್‌ನಲ್ಲಿ ಏಲಕ್ಕಿ ಕೊಳ್ಳುವ ಇಲ್ಲಿನ ಹಿರಿಯರೊಬ್ಬರು ಇದ್ದರು. ಹೆಸರು ಬರೆಯುವುದಿಲ್ಲ. ನನಗೆ ಈ ಕೆಲಸ ಕಲಿಸಿದ ಭಟ್ಕಳದ ಯಜಮಾನರೇ ನನ್ನನ್ನು ಕರೆದುಕೊಂಡು ಹೋಗಿ ಅವರ ಮುಂದೆ ಕೂರಿಸಿದ್ದು. ಅವರು ಏಲಕ್ಕಿ ನೋಡುವುದನ್ನು ನೀನು ನೋಡಬೇಕಿತ್ತು. ಮೂಟೆಯ ಮೇಲಿನದ್ದನ್ನು ಮುಟ್ಟುತ್ತಲೇ ಇರಲಿಲ್ಲ. ತೋಳು ಮೊಣಕೈವರೆಗೆ ಒಳಗೆ ಇಳಿಸಿ ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡುತ್ತಿದ್ದರು. ಹಸಿರು ಒಂದೇ ಸಮ ಇದೆಯಾ, ಸಿಪ್ಪೆಯ ಮೇಲೆ ಕಲೆ ಇದೆಯಾ, ಬಾಯಿ ಬಿಟ್ಟ ಕಾಯಿ ಎಷ್ಟು, ಬೆರಳಲ್ಲೇ ಬೇರೆ ಮಾಡುತ್ತಿದ್ದರು. ಆಮೇಲೆ ಒಂದು ಕಾಯಿಯನ್ನು ಉಗುರಿನಿಂದ ಸೀಳಿ ಬೀಜ ನೋಡುತ್ತಿದ್ದರು. ಕಪ್ಪಾಗಿ, ಅಂಟಂಟಾಗಿ ಇರಬೇಕು. ಬಿಳಿಚಿಕೊಂಡಿದ್ದರೆ ಎಳೆಯ ಕಾಯಿ, ಬೇಡ. ಕೊನೆಗೆ ನಾಲ್ಕು ಕಾಯಿ ಜಜ್ಜಿ ದಲ್ಲಾಕ್ಕೆ, ಅಂದರೆ ಕೊಕ್ಕಿನ ಕಾಫಿ ಪಾತ್ರೆಗೆ, ಹಾಕಿಸುತ್ತಿದ್ದರು. ಗಹ್ವಾ ಕುದಿಯುವವರೆಗೂ ಮಾಲಿನ ಮಾತಿಲ್ಲ. ಎಡಗೈಯಲ್ಲಿ ದಲ್ಲಾ, ಬಲಗೈಯಲ್ಲಿ ಹಿಡಿ ಇಲ್ಲದ ಪುಟ್ಟ ಬಟ್ಟಲು, ತಳ ಮುಚ್ಚುವಷ್ಟು ಮಾತ್ರ ಕಾಫಿ. ಸಾಕು ಅನ್ನಿಸಿದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಹುಯ್ಯುತ್ತಲೇ ಇರುತ್ತಾರೆ.

ಅವರ ಮೇಜಿನ ಗಾಜಿನ ಕೆಳಗೆ ಒಂದು ಹಳೇ ಹತ್ತು ರೂಪಾಯಿ ನೋಟು ಇತ್ತು. ನಮ್ಮ ರಿಸರ್ವ್ ಬ್ಯಾಂಕೇ ಗಲ್ಫ್‌ಗೆ ಅಂತ 1959ರಿಂದ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸುತ್ತಿದ್ದ ನೋಟು. 1966ರಲ್ಲಿ ದೆಹಲಿಯವರು ರೂಪಾಯಿ ಬೆಲೆ ಇಳಿಸಿದ ಮೇಲೆ ಈ ಕಡೆಯವರು ಅದನ್ನು ಕೈಬಿಡುತ್ತಾ ಬಂದರು. ದಿರ್ಹಂ ಬಂದದ್ದು 1973ರಲ್ಲಿ. ಹಿರಿಯರು ಹುಡುಗರಾಗಿದ್ದಾಗ ರೂಪಾಯಿಯಲ್ಲೇ ಎಣಿಸುತ್ತಿದ್ದವರು, ಬಾಂಬೆ ಮಾರುಕಟ್ಟೆಯ ಹಿಂದಿ ಮಾತಾಡುತ್ತಿದ್ದವರು. "ಮೊದಲು ನೀವು ನಮಗೆ ದುಡ್ಡು ಅಚ್ಚು ಹಾಕಿ ಕೊಡುತ್ತಿದ್ದಿರಿ" ಅಂತ ನನ್ನನ್ನು ಹೊಸಬರಿಗೆ ಪರಿಚಯ ಮಾಡಿಸುವಾಗ ಹೇಳುತ್ತಿದ್ದರು. ಅರಬಿ ಕುದುರೆಗಳು ಭಟ್ಕಳದಲ್ಲಿ ಇಳಿದು ವಿಜಯನಗರಕ್ಕೆ ನಡೆದ ಕಾಲದಿಂದ ಈ ಕೊಡುಕೊಳ್ಳುವಿಕೆ ಇದೆ. ಸಕಲೇಶಪುರದ ನೀನೂ ಇವರಿಗೆ ಪೂರ್ತಿ ಹೊಸಬನಲ್ಲ.

ದುಡ್ಡಿನ ಮಾತು ಗಟ್ಟಿಯಾಗಿ ಹೇಳುತ್ತೇನೆ, ಕೇಳಿಸಿಕೋ. ಇಲ್ಲಿನ ಸಗಟು ವ್ಯಾಪಾರ ಮುಂದಿನ ತಾರೀಖಿನ ಚೆಕ್ಕುಗಳ ಮೇಲೆ ನಿಂತಿದೆ. ಪಿಡಿಸಿ ಅನ್ನುತ್ತಾರೆ. ಅರವತ್ತು ದಿನ, ತೊಂಬತ್ತು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಿಂದೆ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಬೌನ್ಸ್ ಆದರೆ ಜೈಲಿನ ಭಯ ಇತ್ತು. 2022ರ ಜನವರಿಯಿಂದ ಬರೀ ದುಡ್ಡಿಲ್ಲ ಅನ್ನುವುದು ಅಪರಾಧವಲ್ಲ. ಅದರ ಬದಲು ಚೆಕ್ಕನ್ನೇ ಹಿಡಿದುಕೊಂಡು ವಸೂಲಿಗೆ ನೇರವಾಗಿ ಕೋರ್ಟಿಗೆ ಹೋಗಬಹುದು. ನೀನು ತೋಟದಲ್ಲಿ ಕೂತು ಇಲ್ಲಿ ಕೋರ್ಟು ಅಲೆಯುವುದಕ್ಕಾಗುತ್ತದಾ? ಆದ್ದರಿಂದ ಮೊದಲ ಕೆಲವು ಲೋಡು ಎಲ್‌ಸಿ, ಅಂದರೆ ಬ್ಯಾಂಕಿನ ಸಾಲಪತ್ರದ ಖಾತರಿ, ಅದರ ಮೇಲೆ ಮಾಡು, ಇಲ್ಲ ಮುಂಗಡ ತಗೋ. ಇನ್ನೊಂದು, ಯಾರಾದರೂ ಮೊದಲ ಭೇಟಿಯಲ್ಲೇ "ಈ ದೇಶಕ್ಕೆಲ್ಲ ನಾನೊಬ್ಬನೇ ಏಜೆಂಟ್, ಸಹಿ ಹಾಕು" ಅಂದರೆ ಪೆನ್ನು ಜೇಬಲ್ಲೇ ಇರಲಿ. 1981ರ ಹಳೇ ಕಾನೂನಿನಲ್ಲಿ ನೋಂದಣಿ ಆದ ಏಜೆಂಟನ್ನು ಅವಧಿ ಮುಗಿದರೂ ಸುಮ್ನೆ ಬಿಡಿಸಲು ಆಗುತ್ತಿರಲಿಲ್ಲ. 2023ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಸ್ವಲ್ಪ ಸಡಿಲ ಮಾಡಿದೆ. ಆದರೂ ವಕೀಲರಿಗೆ ತೋರಿಸದೆ ಸಹಿ ಬೇಡ. 2022ರ ಮೇ ಒಂದರಿಂದ ಭಾರತ ಮತ್ತು ಎಮಿರೇಟ್ಸ್ ನಡುವೆ ವ್ಯಾಪಾರ ಒಪ್ಪಂದ ಇದೆ, ಬಾಗಿಲು ತೆರೆದೇ ಇದೆ ಅಂತ ನೀನು ಬರೆದಿದ್ದೀಯ. ನಿಜ, ಒಪ್ಪಂದ ಸುಂಕ ಇಳಿಸುತ್ತದೆ. ಬಾಗಿಲ ಒಳಗೆ ಕೂತವರಿಗೆ ನೀನು ಯಾರು ಅಂತ ಹೇಳುವುದಕ್ಕೆ ಮಾತ್ರ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ನಾನಾಗಬೇಕು ಅಂತ ನಿನ್ನ ಆಸೆ. ನನ್ನ ಕೈ ತಡೆಯುವುದು ಇಲ್ಲೇ.

ಹಿರಿಯರು ಹೋದ ತಿಂಗಳು ತೀರಿಕೊಂಡರು. ಮೂರು ದಿನ ಜನ ಬಂದು ಕೂರುವುದು ಇಲ್ಲಿನ ಪದ್ಧತಿ. ನಾನು ಮೂರು ದಿನವೂ ಹೋದೆ. ಮನೆಯ ಮುಂದೆ ಟೆಂಟು, ಗೋಡೆಯುದ್ದಕ್ಕೂ ಕುರ್ಚಿ, ಬಾಗಿಲ ಹತ್ತಿರ ಮಕ್ಕಳು ಸಾಲಾಗಿ ನಿಂತಿದ್ದರು. ಕೈ ಕುಲುಕಿ, ಹೇಳಬೇಕಾದ ಮಾತು ಹೇಳಿ, ಹೋಗಿ ಕೂತೆ. ಗಹ್ವಾ ಬಂತು. ಅಳು ಬಂತು, ತಡೆದುಕೊಂಡೆ. ಆದರೆ ಅದೇ ಹೊತ್ತಿಗೆ ನನ್ನ ಕಣ್ಣು ಇನ್ನೊಂದು ಕೆಲಸ ಮಾಡುತ್ತಿತ್ತು. ಬಜಾರಿನಿಂದ ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ದೊಡ್ಡ ಮಗನ ಪಕ್ಕದಲ್ಲಿ ಯಾರು ಕೂತಿದ್ದಾರೆ, ನಾನು ಬಂದದ್ದನ್ನು ಅವನು ನೋಡಿದನಾ. ಇನ್ನು ಮುಂದೆ ಖರೀದಿ ಅವನದ್ದು. ಅಳುವುದೂ ನಾನೇ, ಎಣಿಸುವುದೂ ನಾನೇ. ಎರಡೂ ಸುಳ್ಳಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಪರಿಚಯ ಮೊದಲು, ಪ್ರೀತಿ ಮೊದಲು, ವ್ಯಾಪಾರ ಆಮೇಲೆ ಅಂತ ನಿನಗೆ ಮೇಲೆ ಅಷ್ಟುದ್ದ ಬರೆದೆ. ಅದು ನಿಜ. ಆದರೆ ಅಷ್ಟು ವರ್ಷ ಹಾಗೆ ಬದುಕಿದ ಮೇಲೆ ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಶುರುವಾಯಿತು ಅಂತ ನನಗೆ ತಿಳಿಯುತ್ತಿಲ್ಲ. ಅವರು ನನ್ನನ್ನು ಮಗನೇ ಅನ್ನುತ್ತಿದ್ದರು. ಮಾಲು ತರದ ದಿನವೂ ಅನ್ನುತ್ತಿದ್ದರಾ? ಅನ್ನುತ್ತಿದ್ದರು ಅಂತ ನೆನಪು. ಅವರ ಕೊನೆಯ ವಾಯ್ಸ್ ನೋಟ್ ಇನ್ನೂ ನನ್ನ ಫೋನಿನಲ್ಲಿದೆ. "ಎಲ್ಲಿದ್ದೀಯ, ಬರಲೇ ಇಲ್ಲ." ಅಷ್ಟೇ. ಮಾಲಿನ ಮಾತೇ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದನ್ನು ಕೇಳುತ್ತೇನೆ. ಮತ್ತೆ ಮತ್ತೆ ಕೇಳುತ್ತೇನೆ. ಅದು ಬರೀ ಸ್ನೇಹವೇ ಅಂತ ನಂಬುವುದಕ್ಕೆ ನನಗೆ ಅದೊಂದು ಬೇಕು. ಮನೆಯಲ್ಲಿ ಇವಳಿಗೂ ಇದನ್ನು ಹೇಳಿಲ್ಲ. ನಿನಗೆ ಹೇಳಲು ಕೂತದ್ದೂ ಇದನ್ನಲ್ಲ.

ನಿನ್ನ ಮೆಸೇಜು ಬಂದದ್ದು ಅದೇ ವಾರ. ಇಲ್ಲಿ ನಾನು ಒಬ್ಬನನ್ನು ಪರಿಚಯ ಮಾಡಿಸಿದೆ ಅಂದರೆ ನನ್ನ ಮುಖವೇ ಜಾಮೀನು. ಮೊದಲ ಲೋಡು ಚೆನ್ನಾಗಿ ಬಂದು ಎರಡನೆಯದರಲ್ಲಿ ಎಂಟು ಎಂಎಂ ಗಾತ್ರದ ಕಾಯಿ ಮಧ್ಯೆ ಆರರದ್ದು ಬೆರೆತಿದ್ದರೆ ಹಿರಿಯರ ಮಗ ನಿನ್ನನ್ನು ಬೈಯುವುದಿಲ್ಲ, ನನ್ನನ್ನೂ ಬೈಯುವುದಿಲ್ಲ. ಕಾಫಿಗೆ ಕರೆಯುವುದನ್ನು ನಿಲ್ಲಿಸುತ್ತಾನೆ. ಅದನ್ನೂ ಹೇಗೋ ಸಹಿಸಿಕೊಳ್ಳಬಹುದು. ಆಮೇಲೆ ನಿನ್ನ ಫೋನ್ ಬಂದಾಗಲೆಲ್ಲ ನನಗೆ ಮೊದಲು ಮಾಲು ನೆನಪಾದರೆ? ನೀನು "ಹೇಗಿದ್ದೀಯಾ" ಅಂತ ಕೇಳಿದಾಗ ಇದರ ಹಿಂದೆ ಯಾವ ಬಿಲ್ಲು ಬರುತ್ತದೆ ಅಂತ ನಾನು ಕಾದರೆ? ಈ ಊರಲ್ಲಿ ನನಗೆ ಗೊತ್ತಿರುವ ಪ್ರತಿಯೊಬ್ಬರ ಜೊತೆಗೂ ಒಂದು ಖಾತೆ ಇದೆ. ಖಾತೆ ಇಲ್ಲದವನು ನೀನೊಬ್ಬ. ಎರಡನೇ ಪ್ಲೇಟು ಬಿಟ್ಟು.

ಸಾಕು. ಇಷ್ಟು ಭಾರ ಮಾಡುವ ಪತ್ರ ಇದಲ್ಲ. ನಿನ್ನ ಅಮ್ಮ ಓದಿದರೆ "ಅವನಿಗೆ ಊಟ ಸರಿ ಇಲ್ಲ ಅನ್ಸುತ್ತೆ" ಅಂತ ಉಪ್ಪಿನಕಾಯಿ ಪಾರ್ಸೆಲ್ ಮಾಡುತ್ತಾರೆ. ಮಾಡಲಿ, ಅಪ್ಪೆಮಿಡಿಯದ್ದೇ ಇರಲಿ.

ಒಂದು ದಾರಿ ಯೋಚಿಸಿದ್ದೇನೆ. ನಾನು ಕಮಿಷನ್ ತಗೊಳ್ಳುವುದಿಲ್ಲ, ಲೋಡಿನ ಮಧ್ಯೆ ಬರುವುದಿಲ್ಲ. ನಿನ್ನನ್ನು ಕರೆದುಕೊಂಡು ಹೋಗಿ ಹಿರಿಯರ ಮಗನ ಮುಂದೆ ಕೂರಿಸುತ್ತೇನೆ, ಭಟ್ಕಳದ ಯಜಮಾನರು ನನ್ನನ್ನು ಕೂರಿಸಿದ ಹಾಗೆ. ಇವನು ನನ್ನ ಗೆಳೆಯ, ಇವನ ತೋಟ ನಾನು ನೋಡಿದ್ದೇನೆ, ಇಷ್ಟು ಹೇಳುತ್ತೇನೆ. ಅಲ್ಲಿಂದ ಮುಂದೆ ನೀನುಂಟು, ಅವನುಂಟು. ರೇಟು ನನಗೆ ಕಳಿಸಬೇಡ, ನಾನು ಕೇಳುವುದೂ ಇಲ್ಲ.

ರಂಜಾನ್ ಕಳೆದ ಮೇಲೆ ಬಾ. ಉಪವಾಸದ ತಿಂಗಳಲ್ಲಿ ಹಗಲು ಕೆಲಸದ ಹೊತ್ತು ಕಡಿಮೆ, ಹೊಸ ಮಾತು ಶುರುವಾಗುವುದಿಲ್ಲ. ಗಹ್ವಾಕ್ಕೆ ಹೋಗುವ ಏಲಕ್ಕಿಯೆಲ್ಲ ಅದಕ್ಕೆ ಮುಂಚೆಯೇ ಅಂಗಡಿಗಳಿಗೆ ಸೇರಿರುತ್ತದೆ. ಹಬ್ಬ ಮುಗಿದು ಒಂದೆರಡು ವಾರ ಬಿಟ್ಟು ಬಂದರೆ ಜನ ಆರಾಮಾಗಿ ಸಿಗುತ್ತಾರೆ. ಎರಡು ಕಿಲೋ ಸ್ಯಾಂಪಲ್ ತಾ. ಆರಿಸಿ ಆರಿಸಿ ಚೆಂದದ್ದನ್ನು ತುಂಬಬೇಡ, ಮೂಟೆಯ ನಡುವಿನಿಂದ ತೆಗೆದದ್ದನ್ನು ಹಾಗೇ ತಾ. ಲಿಖಿತ ಪೇಪರುಗಳೆಲ್ಲ ಒಂದೇ ಫೈಲಿನಲ್ಲಿ ಇರಲಿ. ಆ ನೀಲಿ ಬ್ಲೇಜರ್ ಮಾತ್ರ ಬೇಡ. ಯಾಕೆ ಅಂತ ನಿನಗೆ ಗೊತ್ತು.

ಅತ್ತಿಗೆಗೆ, ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಟಿಕೆಟ್ ಬುಕ್ ಆದ ತಕ್ಷಣ ಫೋನ್ ಮಾಡು, ಏರ್‌ಪೋರ್ಟಿಗೆ ನಾನೇ ಬರುತ್ತೇನೆ.

ನಿನ್ನ,
ದೇರಾದ ಗೆಳೆಯ