ನಿಸ್ತಂತು ಜಾಲಕ್ಕೆ ತಂತಿಯ ಆಸರೆ

ಮಾನ್ಯ ಸಂಪಾದಕರೇ,

ಮನೆಯ ಮೂಲೆಮೂಲೆಗೂ ವೈಫೈ ತಲುಪಿಸುವುದು ಹೇಗೆಂಬ ಬಗ್ಗೆ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಈಚೆಗೆ ಬಂದ ಸಲಹೆಗಳನ್ನು ಓದಿದೆ. ರೌಟರಿನ ಸಿಗ್ನಲ್ಲನ್ನು ಹಿಡಿದು ಮುಂದಕ್ಕೆ ಪ್ರಸಾರ ಮಾಡುವ ರಿಪೀಟರ್ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ತಂದು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು ಎಂಬುದು ಅವುಗಳ ಸಾರಾಂಶ. ಅದನ್ನೇ ನಂಬಿ ಒಂದು ವರ್ಷ ಒದ್ದಾಡಿ, ಕೊನೆಗೆ ಒಂದು ತಂತಿ ಎಳೆದು ನೆಮ್ಮದಿ ಕಂಡವನು ನಾನು. ಆ ಸಲಹೆಗಳಲ್ಲಿ ತಂತಿಯ ಪ್ರಸ್ತಾಪವೇ ಇಲ್ಲದ್ದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ರೌಟರ್ ಇರುವುದು ಮುಂಬಾಗಿಲಿನ ಪಕ್ಕದ ಕೋಣೆಯಲ್ಲಿ. ನಾನು ಕುಳಿತು ಕೆಲಸ ಮಾಡುವುದು ಮಹಡಿಯ ಹಿಂಬದಿಯ ಕೋಣೆಯಲ್ಲಿ. ನಡುವೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಛಾವಣಿ, ಎರಡು ಗೋಡೆ, ಒಂದು ದೊಡ್ಡ ನಿಲುವುಗನ್ನಡಿ. ಕನ್ನಡಿಯ ಹಿಂಬದಿಯ ಲೋಹದ ಲೇಪನವೂ ರೇಡಿಯೊ ಅಲೆಯನ್ನು ಹಿಂದಕ್ಕಟ್ಟುತ್ತದೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ರಿಪೀಟರ್ ಹಾಕಿದ ಮೇಲೆ ಫೋನಿನ ಮೇಲ್ತುದಿಯ ಸಿಗ್ನಲ್ ಗೆರೆಗಳೆಲ್ಲ ತುಂಬಿಕೊಂಡವು, ಆದರೂ ವಿಡಿಯೊ ಕರೆ ಮಾತ್ರ ಮೊದಲಿನಂತೆಯೇ ತೊದಲುತ್ತಿತ್ತು. ಆ ಗೆರೆಗಳು ತೋರಿಸುವುದು ಫೋನಿಗೂ ರಿಪೀಟರಿಗೂ ನಡುವಿನ ಬಾಂಧವ್ಯವನ್ನಷ್ಟೇ. ರಿಪೀಟರಿಗೂ ರೌಟರಿಗೂ ಎಷ್ಟು ಸರಿಯಿದೆ ಎಂಬುದನ್ನು ಅವು ಹೇಳುವುದಿಲ್ಲ. ಸಿಗ್ನಲ್ ಸಿಗದ ಕೋಣೆಯಲ್ಲೇ ರಿಪೀಟರನ್ನು ಇಡುವುದು ಬಹುತೇಕರು ಮಾಡುವ ತಪ್ಪು. ತನಗೇ ಸರಿಯಾಗಿ ಕೇಳಿಸದ ಮಾತನ್ನು ಅದು ಇನ್ನೊಬ್ಬರಿಗೆ ಹೇಗೆ ದಾಟಿಸೀತು?

ಸರಿಯಾದ ಜಾಗದಲ್ಲಿಟ್ಟರೂ ಇನ್ನೊಂದು ತೊಡಕು ಉಳಿದೇ ಇರುತ್ತದೆ. ಸಾಮಾನ್ಯ ರಿಪೀಟರಿನಲ್ಲಿ ರೌಟರಿನ ಜೊತೆಗೂ ಫೋನಿನ ಜೊತೆಗೂ ಒಂದೇ ರೇಡಿಯೊ, ಒಂದೇ ಚಾನೆಲ್‌ನಲ್ಲಿ ಮಾತಾಡಬೇಕಾಗುತ್ತದೆ. ಕೇಳುವಾಗ ಅದು ಹೇಳಲಾರದು, ಹೇಳುವಾಗ ಕೇಳಲಾರದು. ಪ್ರತಿಯೊಂದು ದತ್ತಾಂಶವೂ ಗಾಳಿಯಲ್ಲಿ ಎರಡು ಸಲ ಸಂಚರಿಸುವುದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಚಾನೆಲ್‌ನಲ್ಲಿರುವ ಮನೆಯ ಉಳಿದ ಸಾಧನಗಳೂ ಅಷ್ಟು ಹೊತ್ತು ಬಾಯಿಮುಚ್ಚಿ ಕಾಯಬೇಕು. ಎರಡು ಮೂರು ರೇಡಿಯೊಗಳಿರುವ, ಹಲವು ಪೆಟ್ಟಿಗೆಗಳು ಕೂಡಿ ಒಂದೇ ಜಾಲವಾಗುವ ಮೆಶ್ ಸಾಧನಗಳು ಈ ವಿಷಯದಲ್ಲಿ ಎಷ್ಟೋ ವಾಸಿ ಎಂಬುದನ್ನು ಒಪ್ಪುತ್ತೇನೆ, ಆದರೆ ಅವುಗಳ ನಡುವೆಯೂ ಅದೇ ಕಾಂಕ್ರೀಟು ನಿಂತಿರುತ್ತದೆ.

ರೌಟರಿನ ಪ್ರಸಾರ ಶಕ್ತಿಯನ್ನು ಹೆಚ್ಚಿಸಿದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಸಂಭಾಷಣೆ ಎರಡು ಕಡೆಯಿಂದ ನಡೆಯಬೇಕೆಂಬುದನ್ನು ಅವರು ಮರೆತಿರುತ್ತಾರೆ. ರೌಟರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ, ಚಿಕ್ಕ ಬ್ಯಾಟರಿಯ ಫೋನು ಪಿಸುಗುಟ್ಟಿದ್ದು ಅದಕ್ಕೆ ತಿರುಗಿ ಕೇಳಿಸಬೇಕು. ಅಲ್ಲದೆ, ಇಂದು ಹೆಚ್ಚಿನ ವೇಗ ಸಿಗುವುದು 5 ಗಿಗಾಹರ್ಟ್ಸ್ ಆವರ್ತನ ಪಟ್ಟಿಯಲ್ಲಿ (ಬ್ಯಾಂಡ್). ಅದರ ಅಲೆಯ ಉದ್ದ ಸುಮಾರು 5-6 ಸೆಂಟಿಮೀಟರ್. ಸುಮಾರು 12 ಸೆಂಟಿಮೀಟರ್ ಉದ್ದದ ಅಲೆಯುಳ್ಳ 2.4 ಗಿಗಾಹರ್ಟ್ಸ್ ಪಟ್ಟಿಗೆ ಹೋಲಿಸಿದರೆ ಅದು ಗೋಡೆಗಳನ್ನು ದಾಟುವಾಗ ಬೇಗ ಸೊರಗುತ್ತದೆ. ಹೀಗಾಗಿ ವೇಗ ಬೇಕಾದವರು ಗೋಡೆಯ ಈಚೆ ಬದಿಗೇ ಇನ್ನೊಂದು ಕೇಂದ್ರವನ್ನು ತಂದಿಟ್ಟುಕೊಳ್ಳಬೇಕು, ಮತ್ತು ಆ ಕೇಂದ್ರಕ್ಕೆ ಅಂತರ್ಜಾಲ ತಂತಿಯ ಮೂಲಕ ಬರಬೇಕು.

ಕಂಪ್ಯೂಟರು, ರೌಟರುಗಳನ್ನು ತಂತಿಯಿಂದ ಜೋಡಿಸುವ ಈಥರ್ನೆಟ್ ಕೇಬಲ್ಲಿಗೆ ಈ ಯಾವ ಕಷ್ಟವೂ ಇಲ್ಲ. ಸಾಮಾನ್ಯ ಕ್ಯಾಟ್ 5ಇ ದರ್ಜೆಯ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1,000 ಮೆಗಾಬಿಟ್ ವೇಗವನ್ನು ಎರಡೂ ದಿಕ್ಕಿಗೆ ಏಕಕಾಲದಲ್ಲಿ ಒಯ್ಯುತ್ತದೆ. ಮನೆಯೊಳಗೆ ಅಷ್ಟು ದೂರ ಎಲ್ಲಿಂದ ಬರಬೇಕು? ತಂತಿಯ ಈ ಜಾಲ ಹುಟ್ಟಿದ್ದೇ ನಿಸ್ತಂತು ಜಾಲದಿಂದ ಎಂಬುದು ಇಲ್ಲಿ ನೆನಪಾಗುತ್ತದೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಕೆಲಸ ಆರಂಭಿಸಿದ ಅಲೋಹಾನೆಟ್ ಎಂಬ ರೇಡಿಯೊ ಜಾಲದ ತತ್ತ್ವದಿಂದ ಪ್ರೇರಣೆ ಪಡೆದು ರಾಬರ್ಟ್ ಮೆಟ್ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಈಥರ್ನೆಟ್ಟಿನ ರೂಪುರೇಷೆ ಹಾಕಿದರು. ಬೆಳಕಿನ ಅಲೆಗಳನ್ನು ಹೊರುತ್ತದೆಂದು ಹಿಂದಿನ ವಿಜ್ಞಾನಿಗಳು ಊಹಿಸಿದ್ದ, ಎಲ್ಲೆಡೆ ವ್ಯಾಪಿಸಿದ ‘ಈಥರ್’ ಎಂಬ ವಸ್ತುವಿನ ಹೆಸರನ್ನೇ ಅವರು ಒಂದು ತುಂಡು ಕೇಬಲ್ಲಿಗೆ ಇಟ್ಟರು.

ಹೊಸ ಸಾಧನ ಕೊಳ್ಳಲೇಬೇಕೆಂದೇನೂ ಇಲ್ಲ. ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ರೌಟರೇ ಸಾಕಾಗಬಹುದು. ಅದನ್ನು ಆಕ್ಸೆಸ್ ಪಾಯಿಂಟ್ ಆಗಿ, ಅಂದರೆ ತನ್ನ ಯಜಮಾನಿಕೆ ಬಿಟ್ಟು ಕೇವಲ ಬಾಗಿಲಾಗಿ ಕೆಲಸ ಮಾಡುವಂತೆ ಬದಲಿಸಬೇಕು. ಹಲವು ರೌಟರುಗಳ ಸೆಟ್ಟಿಂಗಿನಲ್ಲಿ ಇದಕ್ಕೆ ಒಂದೇ ಗುಂಡಿ ಇರುತ್ತದೆ. ಇಲ್ಲದಿದ್ದರೆ ಕೈಯಾರೆ ಮಾಡಬೇಕು, ಅದೂ ಮನೆಯ ಜಾಲಕ್ಕೆ ಜೋಡಿಸುವ ಮೊದಲೇ. ಮೊದಲನೆಯ ಕೆಲಸ, ಅದರ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆಯನ್ನು, ಬದಲಿಸುವುದು: ಮುಖ್ಯ ರೌಟರಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಬಹುದು, ಆದರೆ ಮುಖ್ಯ ರೌಟರ್ ಉಳಿದ ಸಾಧನಗಳಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಇರಬಾರದು. ಬಳಿಕ ಹಳೆಯ ರೌಟರಿನ ಡಿಎಚ್‌ಸಿಪಿ ಸೇವೆಯನ್ನು, ಎಂದರೆ ವಿಳಾಸ ಹಂಚುವ ಅಧಿಕಾರವನ್ನು, ನಿಲ್ಲಿಸಬೇಕು. ಅದಾದ ಮೇಲೆ ಮುಖ್ಯ ರೌಟರಿನ ಲ್ಯಾನ್ ಪೋರ್ಟಿನಿಂದ, ಅಂದರೆ ಮನೆಯೊಳಗಿನ ಸಾಧನಗಳಿಗೆಂದಿರುವ ತೂತಿನಿಂದ, ಬಂದ ಕೇಬಲನ್ನು ಇದರ ಲ್ಯಾನ್ ಪೋರ್ಟಿಗೇ ಸಿಕ್ಕಿಸಬೇಕು. ಈ ಯಾವ ಬದಲಾವಣೆಯನ್ನೂ ಮಾಡದೆ, ಹೊರಗಿನ ಅಂತರ್ಜಾಲಕ್ಕೆಂದಿರುವ, ಸಾಮಾನ್ಯವಾಗಿ ಬೇರೆ ಬಣ್ಣದ ವ್ಯಾನ್ ಪೋರ್ಟಿಗೆ ಹಾಕಿದರೂ ಅಂತರ್ಜಾಲ ಬರಬಹುದು. ಆದರೆ ಆಗ ಮನೆಯೊಳಗೆ ಎರಡು ಬೇರೆ ಬೇರೆ ಜಾಲಗಳು ಸೃಷ್ಟಿಯಾಗಿ, ಒಂದರಲ್ಲಿರುವ ಪ್ರಿಂಟರ್ ಇನ್ನೊಂದರಲ್ಲಿರುವ ಫೋನಿಗೆ ಕಾಣಿಸದೆ ಹೋಗುತ್ತದೆ.

ಡಿಎಚ್‌ಸಿಪಿ ನಿಲ್ಲಿಸುವುದನ್ನು ನಾನು ಮೊದಲ ಸಲ ಮರೆತಿದ್ದೆ. ಅಂದು ಸಂಜೆಯವರೆಗೆ ಎಲ್ಲವೂ ಚೆನ್ನಾಗಿಯೇ ಇತ್ತು. ಮರುದಿನ ಬೆಳಿಗ್ಗೆ ಮನೆಯ ಅರ್ಧ ಸಾಧನಗಳು ‘ಸಂಪರ್ಕವಿದೆ, ಅಂತರ್ಜಾಲವಿಲ್ಲ’ ಎನ್ನತೊಡಗಿದವು. ಉಳಿದರ್ಧಕ್ಕೆ ಏನೂ ಆಗಿರಲಿಲ್ಲ. ಯಾವ ಸಾಧನ ಯಾವ ರೌಟರಿನಿಂದ ವಿಳಾಸ ಪಡೆಯಿತೋ ಅದನ್ನೇ ಹೊರದಾರಿಯೆಂದು ನಂಬಿಕೊಂಡಿತ್ತು, ಹಳೆಯ ರೌಟರಿಗೆ ಹೊರದಾರಿಯೇ ಇರಲಿಲ್ಲ. ದೋಷ ಇಲ್ಲಿದೆ ಎಂದು ತಿಳಿಯದೆ ಸೇವಾದಾರರಿಗೆ ಎರಡು ಬಾರಿ ದೂರು ಕೊಟ್ಟೆನೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇನೆ. ಬದಲಿಸಿದ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ರೌಟರಿನ ತಳಕ್ಕೆ ಅಂಟಿಸಿಡುವ ಅಭ್ಯಾಸ ನನಗೆ ಬಂದದ್ದು ಆಮೇಲೆ.

ಎರಡೂ ರೌಟರುಗಳಿಗೆ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಇಟ್ಟರೆ ಫೋನು ನಡೆದಾಡುವಾಗ ಒಂದರಿಂದ ಇನ್ನೊಂದಕ್ಕೆ ತಾನೇ ದಾಟಿಕೊಳ್ಳುತ್ತದೆ. ಚಾನೆಲ್ ಮಾತ್ರ ಬೇರೆಬೇರೆ ಇರಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್ಲುಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದು ಪ್ರಸಾರಕ್ಕೆ ಸುಮಾರು 20 ಮೆಗಾಹರ್ಟ್ಸ್ ಅಗಲ ಬೇಕು. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಬಳಸಲು ಸಾಮಾನ್ಯವಾಗಿ 1, 6 ಮತ್ತು 11ನ್ನೇ ಆರಿಸುತ್ತಾರೆ. ಯಾವಾಗ ದಾಟಬೇಕೆಂಬುದನ್ನು ನಿರ್ಧರಿಸುವುದು ರೌಟರಲ್ಲ, ಫೋನು. ಕೆಲವು ಫೋನುಗಳು ಮಹಡಿ ಹತ್ತಿದ ಮೇಲೂ ಕೆಳಗಿನ ರೌಟರಿಗೇ ಜೋತುಬಿದ್ದಿರುತ್ತವೆ. ಹಾಗಾದಾಗ ರೌಟರುಗಳ ಪ್ರಸಾರ ಶಕ್ತಿಯನ್ನು ಹೆಚ್ಚಿಸುವ ಬದಲು ತಗ್ಗಿಸುವುದೇ ಮದ್ದು: ದೂರದ ಸಿಗ್ನಲ್ ಬೇಗ ಕ್ಷೀಣಿಸಿದರೆ ಫೋನು ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ. 2004ರಲ್ಲಿ ಬಂದ ಡಬ್ಲ್ಯುಪಿಎ2 ಎಂಬ ವೈಫೈ ಭದ್ರತೆಯೂ ಗೊತ್ತಿಲ್ಲದಷ್ಟು ಹಳೆಯ ರೌಟರನ್ನು ಮಾತ್ರ ಬಳಸಬಾರದು. ಅದು ಮನೆಯ ಹಿಂಬಾಗಿಲನ್ನು ತೆರೆದಿಟ್ಟಂತೆ.

ಕೇಬಲ್ ಆರಿಸುವಾಗಲೂ ಎಚ್ಚರ ಬೇಕು. ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟು ತಯಾರಿಸಿದ ಅಗ್ಗದ ಕೇಬಲ್ಲುಗಳಿವೆ. ಬಾಗಿಸಿದಾಗ ಅವು ಸುಲಭವಾಗಿ ಮುರಿಯುತ್ತವೆ, ಅವುಗಳ ವಿದ್ಯುತ್ ರೋಧವೂ ಹೆಚ್ಚು. ಕೇಬಲ್ಲಿನ ಮೂಲಕವೇ ಆಕ್ಸೆಸ್ ಪಾಯಿಂಟಿಗೆ ವಿದ್ಯುತ್ ಒದಗಿಸುವ ಪಿಒಇ ವ್ಯವಸ್ಥೆಯನ್ನು ಬಳಸುವವರಂತೂ ಅಪ್ಪಟ ತಾಮ್ರದ್ದನ್ನೇ ಕೊಳ್ಳಬೇಕು. ಕೇಬಲ್ಲಿನೊಳಗೆ ನಾಲ್ಕು ಜೋಡಿ, ಅಂದರೆ ಎಂಟು ಎಳೆಗಳಿರುತ್ತವೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು, 1,000 ಮೆಗಾಬಿಟ್‌ಗೆ ನಾಲ್ಕೂ ಬೇಕು. ನನ್ನ ಸಂಪರ್ಕ ಎಷ್ಟು ದಿನವಾದರೂ 100ರ ಗಡಿ ದಾಟದಿದ್ದಾಗ ಪ್ಲಗ್ಗನ್ನು ಭೂತಗನ್ನಡಿಯಲ್ಲಿ ನೋಡಿದೆ: ಕಂದು ಬಣ್ಣದ ಎಳೆಯೊಂದು ಲೋಹದ ಹಲ್ಲಿಗೆ ತಾಗದೆ ಹಿಂದೆಯೇ ಉಳಿದಿತ್ತು. ಪ್ಲಗ್ ಕತ್ತರಿಸಿ ಹೊಸದಾಗಿ ಕೂರಿಸಿದ್ದೇ ತಡ, ವೇಗ ಸರಿಹೋಯಿತು. ಹಳೆಯ ರೌಟರಿನ ಪೋರ್ಟುಗಳೇ 100 ಮೆಗಾಬಿಟ್ಟಿನವಾಗಿದ್ದರೆ ಎಷ್ಟು ಒಳ್ಳೆಯ ಕೇಬಲ್ ಹಾಕಿದರೂ ಪ್ರಯೋಜನವಿಲ್ಲವೆಂಬುದನ್ನೂ ಇಲ್ಲೇ ಹೇಳಬೇಕು.

ಬಾಡಿಗೆಯ ಮನೆಯಲ್ಲಿ ಗೋಡೆ ಕೊರೆಯಲಾಗದವರು ಬಾಗಿಲ ಚೌಕಟ್ಟಿನ ಅಂಚಿನಲ್ಲಿ ಚಪ್ಪಟೆ ಕೇಬಲ್ ಎಳೆಯಬಹುದು. ಟಿವಿಗಾಗಿ ಮೊದಲೇ ಹಾಕಿರುವ ಕೋಆಕ್ಸಿಯಲ್ ಕೇಬಲ್ ಇದ್ದರೆ ಮೋಕಾ ಎಂಬ ಅಡಾಪ್ಟರುಗಳ ಮೂಲಕ ಅದನ್ನೇ ಬಳಸಿಕೊಳ್ಳಬಹುದು. ವಿದ್ಯುತ್ ತಂತಿಯ ಮೇಲೆಯೇ ದತ್ತಾಂಶ ಸಾಗಿಸುವ ಪವರ್‌ಲೈನ್ ಅಡಾಪ್ಟರುಗಳು ಕೆಲವು ಮನೆಗಳಲ್ಲಿ ಚೆನ್ನಾಗಿ ನಡೆಯುತ್ತವೆ, ಕೆಲವು ಮನೆಗಳಲ್ಲಿ ಹಟ ಹಿಡಿಯುತ್ತವೆ. ನಾನಾದರೆ ಅವನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುವೆ. ಅಂಗಳ ದಾಟಿ ಬೇರೊಂದು ಕಟ್ಟಡಕ್ಕೆ ಸಂಪರ್ಕ ಕೊಡಬೇಕಾದಾಗ ಮಾತ್ರ ತಾಮ್ರದ ಕೇಬಲ್ ಬೇಡ. ಸಿಡಿಲು ಬಡಿದಾಗ ಅದು ಎರಡೂ ಕಡೆಯ ಸಾಧನಗಳನ್ನು ಸುಡಬಲ್ಲದು. ಅಲ್ಲಿ ವಿದ್ಯುತ್ ಹರಿಸದ ಗಾಜಿನೆಳೆಯ ಫೈಬರ್ ಕೇಬಲ್ಲೇ ಸರಿ.

ಹೊಸ ಮನೆ ಕಟ್ಟುವವರು ಬಲ್ಬಿಗೆ, ಫ್ಯಾನಿಗೆ ಪೈಪು ಹಾಕಿಸುವಾಗ ಪ್ರತಿ ಅಂತಸ್ತಿನ ಛಾವಣಿಯ ನಡುವಿಗೊಂದು ಖಾಲಿ ಪೈಪನ್ನು, ವಿದ್ಯುತ್ ತಂತಿಯ ಪೈಪಿನಿಂದ ಪ್ರತ್ಯೇಕವಾಗಿ, ಹಾಕಿಸಿಕೊಳ್ಳಬೇಕೆಂದು ತಮ್ಮ ಗೃಹ ನಿರ್ಮಾಣದ ಅಂಕಣದಲ್ಲಿ ಒಮ್ಮೆ ಬರೆಸಿದರೆ ಉಪಕಾರವಾಗುತ್ತದೆ. ಹಾಗೆಯೇ ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ ಆಗಿಸುವ ಕ್ರಮವನ್ನು ತಂತ್ರಜ್ಞಾನ ಪುಟದಲ್ಲಿ ಚಿತ್ರಸಹಿತ ಪ್ರಕಟಿಸಬೇಕೆಂದು ಕೋರುತ್ತೇನೆ. ಡಿಎಚ್‌ಸಿಪಿ ನಿಲ್ಲಿಸುವ ಮಾತನ್ನು ದಯವಿಟ್ಟು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ.

ತಮ್ಮ ವಿಶ್ವಾಸಿ,
ಒಬ್ಬ ಓದುಗ