ಮಡಚುವ ಸೈಕಲ್‌ಗೆ ರೈಲಿನಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಖಾನಾಪುರದ ಕಡೆಯಿಂದ ರೈಲಿನಲ್ಲಿ ಬೆಳಗಾವಿಗೆ ಬಂದು ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವ ನಮ್ಮಂಥವರಿಗೆ ರೈಲಿನ ಪಾಸಿಗಿಂತ ನಿಲ್ದಾಣದಿಂದ ಮುಂದಿನ ಆಟೊ ಬಾಡಿಗೆಯೇ ಹೊರೆಯಾಗಿದೆ. ಇದಕ್ಕೆ ಮಡಚುವ ಸೈಕಲ್ ಒಳ್ಳೆಯ ಪರಿಹಾರ, ಬೆಲೆ ತುಸು ಹೆಚ್ಚೆನ್ನುವುದು ನಿಜವಾದರೂ. ಸಾಮಾನ್ಯವಾಗಿ 16 ಅಥವಾ 20 ಇಂಚಿನ ಗಾಲಿಗಳಿದ್ದು, 10ರಿಂದ 14 ಕಿಲೊ ತೂಗುವ ಈ ಸೈಕಲ್‌ನ ಚೌಕಟ್ಟನ್ನು ನಡುವೆ ಮಡಚಿ, ಹ್ಯಾಂಡಲ್ ಮತ್ತು ಸೀಟನ್ನು ಇಳಿಸಿ ಚೀಲದಲ್ಲಿ ಹಾಕಿದರೆ ಅದು ದೊಡ್ಡ ಸೂಟ್‌ಕೇಸ್‌ನಷ್ಟು ಜಾಗ ಹಿಡಿಯುತ್ತದೆ. ಚೀಲದಲ್ಲಿರುವ ಇಂಥ ಸೈಕಲ್ಲನ್ನು ಕೈಸಾಮಾನೆಂದು ಪರಿಗಣಿಸಲಾಗುವುದೋ, ಪಾರ್ಸೆಲ್ ಎಂದೋ ಎಂಬುದನ್ನು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗವು ನಿಲ್ದಾಣಗಳಲ್ಲಿ ಕನ್ನಡದ ಫಲಕ ಹಾಕಿ ತಿಳಿಸಬೇಕು ಮತ್ತು ಪ್ಯಾಸೆಂಜರ್ ರೈಲುಗಳ ಒಂದು ಬೋಗಿಯಲ್ಲಾದರೂ, ಬಾಗಿಲಿಗೆ ಅಡ್ಡವಾಗದಂತೆ, ಅದನ್ನಿಡಲು ಸ್ಥಳ ಗುರುತಿಸಬೇಕೆಂದು ವಿನಂತಿ.

– ಒಬ್ಬ ಪಾಸುದಾರ, ಖಾನಾಪುರ