ವರ್ಷಕ್ಕೊಂದೇ ಬೇಸಿಗೆ

ಚಿ. ನಂದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಗೆಳತಿಯ ಜೊತೆ ಸೇರಿ ಕಾಡ್ಗಿಚ್ಚಿನ ನಿರ್ವಹಣೆಗೆ ಉಪಕರಣ ಮಾಡುವ ಕಂಪನಿ ತೆಗೆಯುತ್ತೇನೆಂದು ಬರೆದಿದ್ದೀಯ. ಬೇಡ ಅನ್ನುವುದಿಲ್ಲ. ಆದರೆ ಒಂದು ಲೆಕ್ಕ ಮೊದಲೇ ತಲೆಯಲ್ಲಿರಲಿ ಮಗಳೇ. ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಂಕಿಯ ಕಾಲ ಜನವರಿಯಿಂದ ಮೇ ತನಕ, ಅದರಲ್ಲೂ ಫೆಬ್ರವರಿ, ಮಾರ್ಚ್. ಬೇರೆ ಸ್ಟಾರ್ಟಪ್‌ಗಳು ವಾರವಾರವೂ ತಪ್ಪು ತಿದ್ದಿಕೊಳ್ಳಬಹುದು. ನಿಮಗೆ ವರ್ಷಕ್ಕೊಂದೇ ಬೇಸಿಗೆ. ಫೆಬ್ರವರಿಯಲ್ಲಿ ಕೈಕೊಟ್ಟ ಸರ್ಕ್ಯೂಟ್ ಬೋರ್ಡನ್ನು ಬದಲಿಸಿ ಮತ್ತೆ ಕಾಡಿಗೆ ಒಯ್ಯುವ ಹೊತ್ತಿಗೆ ಮಳೆ ಬಿದ್ದಿರುತ್ತದೆ. ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳಿಗೆ ಬರುತ್ತದೆ ಎಂದು ನೋಡಬೇಡ, ಎಷ್ಟು ಬೇಸಿಗೆ ದಾಟಿಸುತ್ತದೆ ಎಂದು ನೋಡು. ಎರಡಕ್ಕೆ ಸಾಲದಿದ್ದರೆ ಸಂಬಳದ ಕೆಲಸ ಬಿಡಬೇಡ.

ಎಲ್ಲರೂ ಮೊದಲು ಕೈಹಾಕುವುದು ಬೆಂಕಿ ಪತ್ತೆಗೆ. ಅದರಲ್ಲಿ ಅರ್ಧ ಈಗಾಗಲೇ ಪುಕ್ಕಟೆ ಸಿಗುತ್ತಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಉಪಗ್ರಹದ ಮಾಹಿತಿ ಹಿಡಿದು, ನೋಂದಾಯಿಸಿಕೊಂಡವರ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಅದರ ಮಿತಿಯೂ ಗೊತ್ತಿರಲಿ. ವಿಐಐಆರ್‌ಎಸ್ ಎಂಬ ಉಪಗ್ರಹ ಸೆನ್ಸರಿನ ಚಿತ್ರದಲ್ಲಿ ಒಂದು ಚುಕ್ಕಿ ಎಂದರೆ ನೆಲದ ಮೇಲೆ 375 ಮೀಟರ್ ಅಗಲ, ಅದು ನಮ್ಮ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆ ಆಸುಪಾಸಿನಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಹತ್ತಿದ ಬೆಂಕಿ ಅದರ ಕಣ್ಣಿಗೆ ಬೀಳುವುದು ನಡುರಾತ್ರಿ ಕಳೆದ ಮೇಲೆ.

ಆ ಹತ್ತು ಗಂಟೆಯ ಅಂತರ ತುಂಬಲು ಕಾಡೆಲ್ಲ ಗ್ಯಾಸ್ ಸೆನ್ಸರ್ ನೆಡುತ್ತೇವೆ ಅಂದರೆ ಲೆಕ್ಕ ಹಾಕಿ ನೋಡು. 200 ಮೀಟರಿಗೊಂದರಂತೆ ಚದರ ಕಿಲೋಮೀಟರಿಗೆ 25 ಬೇಕು. ಬಂಡೀಪುರ ರಾಷ್ಟ್ರೀಯ ಉದ್ಯಾನವೊಂದಕ್ಕೇ, ಸುಮಾರು 870 ಚದರ ಕಿಲೋಮೀಟರಿಗೆ, ಇಪ್ಪತ್ತೊಂದು ಸಾವಿರ ದಾಟುತ್ತದೆ. ಅಗ್ಗದ ಎಂಕ್ಯೂ ಮಾದರಿ ಸೆನ್ಸರಿನ ಹೀಟರೇ ಮುಕ್ಕಾಲು ವ್ಯಾಟ್ ಎಳೆಯುತ್ತದೆ. 12 ವ್ಯಾಟ್-ಅವರಿನ ಲಿಥಿಯಂ ಸೆಲ್ಲು ಹದಿನಾರು ಗಂಟೆಗೆ ಖಾಲಿ. ನಮ್ಮಲ್ಲಿ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯರ ಕೈಯಿಂದಲೇ ಹತ್ತುವುದು. ಆದ್ದರಿಂದ ರಸ್ತೆ, ಕಾಲುದಾರಿ, ಊರಂಚು ಇಷ್ಟನ್ನೇ ಕಾಯುವಂತೆ ಯೋಜನೆ ಮಾಡಿ.

ಕ್ಯಾಲಿಫೋರ್ನಿಯಾದ ಮಾದರಿ ತೋರಿಸಿ ನಿಮ್ಮನ್ನು ಹುರಿದುಂಬಿಸುವವರು ಸಿಗುತ್ತಾರೆ. ಅಲ್ಲಿ ಬೆಟ್ಟಗಳ ಮೇಲೆ ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳಿವೆ, ಸರಿ. ಹೊಗೆ ಕಂಡ ತಕ್ಷಣ ಹೊರಡಲು ಎಂಜಿನ್ನು, ವಿಮಾನ, ಹೆಲಿಕಾಪ್ಟರ್ ಇವೆ. ನಮ್ಮಲ್ಲಿ ಹಳ್ಳದಾಚೆಯ ಗುಡ್ಡಕ್ಕೆ ಹೋಗುವುದು ಹಸಿ ಸೊಪ್ಪು ಹಿಡಿದ ಅರಣ್ಯ ಇಲಾಖೆಯ ಹತ್ತು ಜನ ವಾಚರ್‌ಗಳು, ಅದೂ ನಡೆದುಕೊಂಡು. ಎಚ್ಚರಿಕೆ ಅರ್ಧ ಗಂಟೆ ಮುಂಚೆ ಬರುವುದಕ್ಕಿಂತ, ಯಾವ ದಾರಿಯಲ್ಲಿ ಹೋದರೆ ಬೆಂಕಿಯ ಮುಂದೆ ಸಿಕ್ಕಿಬೀಳುವುದಿಲ್ಲ, ಯಾವ ಬೆಂಕಿ ರೇಖೆಯಲ್ಲಿ (ಬೆಂಕಿ ಹರಡದಂತೆ ಗಿಡಗಂಟಿ ತೆಗೆದ ಪಟ್ಟಿಯಲ್ಲಿ) ನಿಂತು ತಡೆಯಬಹುದು ಎಂದು ಹೇಳುವ ಸಾಧನ ಅವರ ಜೀವ ಉಳಿಸುತ್ತದೆ. ಅವರ ಕೈಯಲ್ಲಿರುವುದು ವಾಕಿಟಾಕಿ. ನಿಮ್ಮ ಸಂದೇಶ ಬಾಯಲ್ಲಿ ಹೇಳುವಂತಿರಬೇಕು: ಇಂಥ ಗಸ್ತು, ಇಂಥ ಕೆರೆಯ ಮೂಡಣ ದಿಕ್ಕು, ಗಾಳಿ ಈ ಕಡೆಗೆ. ಅಕ್ಷಾಂಶ-ರೇಖಾಂಶ ಓದಿ ಹೇಳುವ ಹೊತ್ತು ಅಲ್ಲಿರುವುದಿಲ್ಲ. ಹಳ್ಳ, ಗುಡ್ಡ, ಕೆರೆಗಳ ಹೆಸರಿನ ನಕ್ಷೆ ಮಾಡುವುದೇ ಮೊದಲ ಮಳೆಗಾಲದ ಕೆಲಸವಾಗಲಿ. ಕಾಡಿನಲ್ಲೇ ಬಾಳಿದ ಸೋಲಿಗ ಬುಡಕಟ್ಟಿನ ಹಿರಿಯರನ್ನು ಕೂರಿಸಿಕೊಂಡು ಮಾಡಿ, ಕೂಲಿ ಕೊಟ್ಟು. ಹಿಂದೆ ಅವರು ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ ತರಗು ಬೆಂಕಿಯ (ಉದುರಿದ ಒಣ ಎಲೆ ಸುಡುವ ಸಣ್ಣ ಬೆಂಕಿಯ) ಬಗ್ಗೆಯೂ ಕೇಳಿ ಬರೆದುಕೊಳ್ಳಿ.

ನನಗೆ ಬಹಳ ಬೆಲೆಬಾಳುವುದಾಗಿ ಕಾಣುವ ಕೆಲಸ ಇನ್ನೊಂದಿದೆ, ಅದಕ್ಕೆ ಯಾರೂ ಅಷ್ಟಾಗಿ ಕೈಹಾಕಿಲ್ಲ: ಆರಿತು ಎಂದುಕೊಂಡ ಬೆಂಕಿ. ಟೊಳ್ಳು ಮರದ ಬುಡ, ಬಿದ್ದ ದಿಮ್ಮಿ, ಒಣಗಿದ ಆನೆ ಲದ್ದಿ ಒಳಗೊಳಗೇ ಕನಲುತ್ತಿರುತ್ತವೆ. ಮಧ್ಯಾಹ್ನದ ಗಾಳಿಗೆ ಕಿಡಿ ಎದ್ದು ರೇಖೆ ದಾಟುತ್ತದೆ, ಇಳಿಜಾರಿನಲ್ಲಿ ದಿಮ್ಮಿ ಉರುಳಿಕೊಂಡೇ ದಾಟುತ್ತದೆ. ದಾಟಿದ ಕಡೆ ಲಂಟಾನದ ಕಳೆ ಪೊದೆ ಇದ್ದರೆ ನೆಲದ ಬೆಂಕಿ ಆಳೆತ್ತರ ಮೀರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. 640×512 ಪಿಕ್ಸೆಲ್‌ಗಳ, 12 ಮೈಕ್ರಾನಿನ ಥರ್ಮಲ್ ಕ್ಯಾಮೆರಾಗೆ 13 ಮಿ.ಮೀ. ಲೆನ್ಸ್ ಹಾಕಿ, ಡ್ರೋನಿಗೆ ಕಟ್ಟಿ ನೂರು ಮೀಟರ್ ಮೇಲಿಂದ ನೋಡಿದರೆ ಒಂದು ಪಿಕ್ಸೆಲ್ಲಿಗೆ ಸುಮಾರು 9 ಸೆಂ.ಮೀ. ನೆಲ ಸಿಗುತ್ತದೆ. ಕೊಳ್ಳಿ ಹುಡುಕಲು ಅಷ್ಟು ಸಾಕು. ಹಾರಿಸುವುದು ಮಾತ್ರ ಬೆಳಗಿನ ಜಾವ. ಹತ್ತು ಗಂಟೆ ಮೀರಿದರೆ ಕಾದ ಬಂಡೆಗಳೆಲ್ಲ ಕೊಳ್ಳಿಯಂತೆಯೇ ಕಾಣುತ್ತವೆ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಸಂರಕ್ಷಿತ ಕಾಡಿನ ಮೇಲೆ ಡ್ರೋನ್ ಏರಿಸಲೇಬೇಡಿ.

ಕಾಡಿನಲ್ಲಿ ನಿಲ್ಲಿಸಿದ ಉಪಕರಣದ ಪೆಟ್ಟಿಗೆಗಳು ಹಾಳಾಗುವುದು ನೀವು ಎಣಿಸದ ಕಾರಣಗಳಿಗೆ. ಕಂಬಕ್ಕೆ ಆನೆ ಮೈ ಉಜ್ಜುತ್ತದೆ, ಸೋಲಾರ್ ಫಲಕವನ್ನು ಕೋತಿ ಕೀಳುತ್ತದೆ, ಕೇಬಲ್ ರಂಧ್ರದಿಂದ ಇರುವೆ ನುಗ್ಗಿ ಗೂಡು ಕಟ್ಟುತ್ತದೆ. ರಂಧ್ರಗಳನ್ನು ರಬ್ಬರ್ ಗ್ಲ್ಯಾಂಡಿನಿಂದ ಮುಚ್ಚಿ. ಮರಕ್ಕೆ ಮೊಳೆ ಬೇಡ, ಪಟ್ಟಿ ಕಟ್ಟಿ. 865–867 ಮೆಗಾಹರ್ಟ್ಸ್‌ನ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ) ರೇಡಿಯೋವನ್ನು ಮಾರ್ಚಿನ ಬೋಳು ಕಾಡಿನಲ್ಲಷ್ಟೇ ಅಳೆದು ದೂರ ನಿಗದಿ ಮಾಡಬೇಡಿ, ಚಿಗುರು ಬಂದ ಮೇಲೂ ಅಳೆಯಿರಿ. ಸಫಾರಿ ಜೀಪಿನ ಧೂಳು, ಬೆಳಗಿನ ಮಂಜು, ಹೊಲದಲ್ಲಿ ಕಸ ಸುಡುವ ಹೊಗೆ ಇವೆಲ್ಲ ನಿಮ್ಮ ಕ್ಯಾಮೆರಾಗೆ ಕಾಡ್ಗಿಚ್ಚೇ. ಸುಳ್ಳು ಕರೆಗೆ ಮೂರು ಸಲ ಗುಡ್ಡ ಹತ್ತಿದ ವಾಚರ್ ನಾಲ್ಕನೇ ಸಲ ಏಳುವುದಿಲ್ಲ; ಅವನ ತಪ್ಪೂ ಅಲ್ಲ.

ದುಡ್ಡಿನ ವಿಷಯ. ಕಾಡ್ಗಿಚ್ಚು ತಡೆಯ ಕೇಂದ್ರ ಯೋಜನೆಯಲ್ಲಿ ನಮ್ಮಂಥ ರಾಜ್ಯಕ್ಕೆ ಕೇಂದ್ರದ ಪಾಲು ಶೇಕಡಾ 60, ರಾಜ್ಯದ್ದು ಶೇಕಡಾ 40. ಎರಡು ಖಜಾನೆ ದಾಟಿ ಬರುವ ಹಣ ತಡವಾಗುತ್ತದೆ, ಬೆಂಕಿ ಉರಿಯುತ್ತಿರುವಾಗಲೇ ಮಾರ್ಚ್ 31 ಬಂದುಬಿಡುತ್ತದೆ. ಜನವರಿಯಲ್ಲಿ ಮಾರಲು ಹೋದರೆ ಆ ವರ್ಷ ಮುಗಿದಂತೆ. ಮಳೆಗಾಲದಲ್ಲೇ ಅರಣ್ಯ ವಲಯ ಕಚೇರಿಯ ಬಾಗಿಲು ತಟ್ಟಿ. ಸ್ಟಾರ್ಟಪ್‌ಗಳಿಗೆ ಕರ್ನಾಟಕ ಸರ್ಕಾರ ಕೊಡುವ ಎಲಿವೇಟ್ ಅನುದಾನ 50 ಲಕ್ಷದವರೆಗೆ ಇದೆ, ಅರ್ಜಿ ಹಾಕಿ. ಅದನ್ನೇ ನಂಬಿ ಕೂರಬೇಡಿ.

ಕೊನೆಗೆ ನೀವಿಬ್ಬರು. ಅರ್ಧರ್ಧ ಅಂತ ಬಾಯಿಮಾತಿಗೆ ಬಿಡಬೇಡಿ. ಪಾಲು ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಗಟ್ಟಿಯಾಗಲಿ. ಮೊದಲ ಕಂತು ವರ್ಷ ತುಂಬಿದ ದಿನಕ್ಕಲ್ಲ, ಒಂದು ಪೂರ್ತಿ ಬೇಸಿಗೆ ಕಳೆದ ಮೇ 31ಕ್ಕೆ. ಮಾರ್ಚಿನಲ್ಲಿ ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಒಂದಿಡೀ ವರ್ಷ ಕಳೆದುಕೊಳ್ಳುತ್ತಾರೆ. ಬರೆದ ಕೋಡು, ಮಾಡಿದ ವಿನ್ಯಾಸ ಕಂಪನಿಯ ಹೆಸರಿಗೆ ಮೊದಲ ದಿನವೇ ಬರೆದುಕೊಡಿ. ಕಾಡಿನ ಕೆಲಸದಲ್ಲಿ ಕೊನೆಯ ಮಾತು ಯಾರದು, ಹಣದಲ್ಲಿ ಯಾರದು ಎಂದೂ ಬರೆಯಿರಿ. ನಿನ್ನ ಗೆಳತಿ ಅಮೆರಿಕದಲ್ಲೇ ಇರುವುದಾದರೆ, ಕಂಪನಿ ಕಾಯ್ದೆಯಂತೆ ಒಬ್ಬ ನಿರ್ದೇಶಕರಾದರೂ ಹಣಕಾಸು ವರ್ಷದಲ್ಲಿ 182 ದಿನ ಭಾರತದಲ್ಲಿರಬೇಕು. ಅದು ನೀನೇ ಆಗುತ್ತೀಯ, ಬೇಸಿಗೆಯ ಭಾರವೂ ನಿನ್ನ ಮೇಲೇ ಬೀಳುತ್ತದೆ. ಪಾಲು ಹಂಚುವಾಗ ಇದನ್ನು ಅವಳೆದುರೇ ಕೂತು ಮಾತಾಡು.

ಒಪ್ಪಂದದ ಕರಡು ಆದಾಗ ನನಗೂ ಒಂದು ಪ್ರತಿ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ